ಔರಾದಿಗೆ ರೈಲು: ಕೋಟಿಯ ಲೆಕ್ಕ, ಎಕರೆಯ ಲೆಕ್ಕ

ತೊಗರಿ ರಾಶಿ ಮುಗಿಯುತ್ತಿರುವ ದಿನಗಳಲ್ಲಿ ಔರಾದ್ ತಾಲ್ಲೂಕಿನ ಚಿಂತಾಕಿಯ ಬಸ್ ನಿಲುಗಡೆಗೆ ಬೆಳಿಗ್ಗೆ ಏಳಕ್ಕೇ ಜನ ಬಂದು ಸೇರುತ್ತಾರೆ. ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೊರಟ ಗಂಡ ಹೆಂಡತಿ, ಎಕ್ಸ್‌ರೇ ಲಕೋಟೆ ಹಿಡಿದು ಬೀದರಿನ ದೊಡ್ಡಾಸ್ಪತ್ರೆಗೆ ಹೋಗುವ ಮುದುಕಿ, ಔರಾದಿನ ಕಾಲೇಜಿಗೆ ಹೊರಟ ಹುಡುಗಿಯರು. ಪಕ್ಕದಲ್ಲಿ ತೊಗರಿ ಚೀಲ ಹೇರಿಕೊಂಡು ನಿಂತ ಗೂಡ್ಸ್ ಆಟೊ. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಕಟ್ಟೆಯ ಮೇಲೆ ಕೇಳಿಬರುತ್ತವೆ. ತೆಲಂಗಾಣದ ಗಡಿ ಇಲ್ಲಿಂದ ಹತ್ತಿರ. ಮಹಾರಾಷ್ಟ್ರವೂ ದೂರವಲ್ಲ.

‘ಎಲ್ಲಿಗಿ ಹೊಂಟ್ರಿ ಕಾಕಾ?’

‘ನಾಂದೇಡಕ್ಕ. ಮಗಳ ಊರಿಗಿ.’

ಅಂದರೆ ಮೊದಲು ಔರಾದ್, ಅಲ್ಲಿಂದ ದೇಗಲೂರು, ಅಲ್ಲಿಂದ ನಾಂದೇಡ್. ಹಬ್ಬದ ದಿನವಾದರೆ ಅಷ್ಟು ದೂರವೂ ನಿಂತೇ ಹೋಗಬೇಕು.

‘ರೈಲ್ ಬಂದ್ರ ಛಲೋ ಆಗ್ತದಲ್ರಿ?’

‘ಬರ್ಲಿ ತಮ್ಮಾ. ಖರೆ ಯಾರ ಹೊಲದಾಗಿಂದ ಬರ್ತದೋ ಅದು ಮೊದಲ್ ಹೇಳ್ಲಿ.’

ಬೀದರ್–ಔರಾದ್–ನಾಂದೇಡ್ ಹೊಸ ರೈಲು ಮಾರ್ಗದ ಮಾತು ಎಲ್ಲಿ ಎದ್ದರೂ ಈ ಎರಡು ವಾಕ್ಯಗಳ ಸುತ್ತಲೇ ತಿರುಗುತ್ತದೆ. ರೈಲು ಬೇಕು. ಎಷ್ಟಕ್ಕೆ, ಯಾರ ಜಮೀನಿನ ಮೇಲೆ, ಯಾವಾಗ ಎಂಬುದು ತಿಳಿಯಬೇಕು. ಇದರ ಉತ್ತರದ ಬಹುಭಾಗ ಪಕ್ಕದಲ್ಲೇ, ಇದೇ ಜಿಲ್ಲೆಯಲ್ಲಿ ಮುಗಿದುಹೋದ ಇನ್ನೊಂದು ಮಾರ್ಗದ, ಅಂದರೆ ಬೀದರ್–ಕಲಬುರಗಿ ಮಾರ್ಗದ, ಕಡತದಲ್ಲಿದೆ.

ಹಳಿ ಮುಖ ಮಾಡಿರುವ ದಿಕ್ಕು

ಬೀದರಿಗೆ ರೈಲು ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. ವಿಕಾರಾಬಾದಿನಿಂದ ಹೊರಟ ಹಳಿ 1930ರ ಆಸುಪಾಸಿಗೆ ಬೀದರ್ ಮುಟ್ಟಿತು. ಮುಂದೆ ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿ ವೈಜನಾಥದವರೆಗೆ ಬೆಳೆಯಿತು. ಆಗ ಬೀದರ್, ಉದಗೀರ, ನಾರಾಯಣಖೇಡ ಎಲ್ಲವೂ ಒಂದೇ ಜಿಲ್ಲೆ, ನಾಂದೇಡ್ ಅದೇ ರಾಜ್ಯದ ಇನ್ನೊಂದು ಜಿಲ್ಲೆ, ರಾಜಧಾನಿ ಹೈದರಾಬಾದ್. ಹಳಿ ಅತ್ತ ಮುಖ ಮಾಡಿದ್ದು ಸಹಜವಾಗಿತ್ತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ ಮುಂಬೈ ರಾಜ್ಯಕ್ಕೆ ಹೋಯಿತು, ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಕ್ಕೆ. ಹಳಿಗಳು ಮಾತ್ರ ಇದ್ದಲ್ಲೇ ಉಳಿದವು. ಬೀದರಿನ ಮನುಷ್ಯ ತನ್ನ ವಿಭಾಗ ಕೇಂದ್ರ ಕಲಬುರಗಿಗೆ ರೈಲಿನಲ್ಲೇ ಹೋಗಬೇಕೆಂದರೆ ವಿಕಾರಾಬಾದ್, ವಾಡಿ ಸುತ್ತಿ ಸುಮಾರು 240 ಕಿ.ಮೀ. ಸಾಗಬೇಕಿತ್ತು. ನೇರ ದಾರಿ ಅದರ ಅರ್ಧಕ್ಕಿಂತ ಕಡಿಮೆ. ಈ ಸ್ಥಿತಿ ಅರವತ್ತು ವರ್ಷ ನಡೆಯಿತು.

ಔರಾದ್ ತಾಲ್ಲೂಕಿನ ಪಾಲು ಇನ್ನೂ ಕಡಿಮೆ. ಹಳೆಯ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ ಕಮಲನಗರಕ್ಕೊಂದು ನಿಲ್ದಾಣವಿತ್ತು. ಈಗ ಕಮಲನಗರವೂ ಬೇರೆ ತಾಲ್ಲೂಕು. ಔರಾದ್ ಪಟ್ಟಣಕ್ಕೆ, ಸಂತಪೂರಕ್ಕೆ, ಚಿಂತಾಕಿಗೆ ಹಳಿಯೇ ಇಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮಾನತೆಯನ್ನು ಅಳೆದಾಗ ಔರಾದ್ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ನಿಂತಿತು. ರೈಲಿನ ಬೇಡಿಕೆಗೆ ಇದೇ ಮೊದಲ ಆಧಾರ.

ಮುನ್ನೂರರ ಸುತ್ತು

ಇಂದು ಬೀದರಿನಿಂದ ನಾಂದೇಡಿಗೆ ರೈಲಿನಲ್ಲಿ ಹೋಗುವವರು ಲಾತೂರ್ ರೋಡ್, ಪರಳಿ, ಪರಭಣಿ ಸುತ್ತಿ ಸುಮಾರು 300 ಕಿ.ಮೀ. ಕ್ರಮಿಸಬೇಕು. ಔರಾದ್, ದೇಗಲೂರು ಮೇಲೆ ನೇರವಾಗಿ ಹಳಿ ಹಾಕಿದರೆ ಅದು 157 ಕಿ.ಮೀ.ಗೆ ಇಳಿಯುತ್ತದೆ. ಅದರಲ್ಲಿ ಸುಮಾರು 100 ಕಿ.ಮೀ. ಮಹಾರಾಷ್ಟ್ರದಲ್ಲಿ, ಉಳಿದ 56 ಕಿ.ಮೀ. ಚಿಲ್ಲರೆ ನಮ್ಮಲ್ಲಿ.

ದಾರಿಯಲ್ಲಿ ಹೋಗುವವರು ಯಾರು ಎಂಬುದೂ ಮುಖ್ಯ. ಬೀದರಿನಲ್ಲಿ ಗುರುನಾನಕ್ ಝೀರಾ ಇದೆ, ನಾಂದೇಡಿನಲ್ಲಿ ಗುರು ಗೋವಿಂದ ಸಿಂಗರು ಕೊನೆಯುಸಿರೆಳೆದ ಹಜೂರ್ ಸಾಹಿಬ್ ಇದೆ. ಎರಡನ್ನೂ ಒಂದೇ ಯಾತ್ರೆಯಲ್ಲಿ ನೋಡುವ ಸಿಖ್ಖರು ವರ್ಷವಿಡೀ ಬರುತ್ತಾರೆ. ಗಡಿಯ ಎರಡೂ ಬದಿ ಬೀಗತನ ಇರುವ ಮನೆಗಳು ಲೆಕ್ಕವಿಲ್ಲದಷ್ಟು. ಓದಲು ನಾಂದೇಡ್, ಲಾತೂರಿಗೆ ಹೋಗುವ ಮಕ್ಕಳಿದ್ದಾರೆ. ಔರಾದಿನ ಸೋಯಾ, ಉದ್ದು, ಹೆಸರು ಬೆಲೆ ಕುದುರಿದ ಕಡೆಗೆ, ಹಲವು ಸಲ ಗಡಿ ದಾಟಿ, ಹೋಗುತ್ತವೆ.

ಭೂಮಿಯೂ ಈ ಮಾರ್ಗಕ್ಕೆ ತನ್ನ ಷರತ್ತು ಹಾಕುತ್ತದೆ. ಬೀದರ್ ಪಟ್ಟಣ ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 710 ಮೀಟರ್ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ನಾಂದೇಡ್ 360 ಮೀಟರ್ ಆಸುಪಾಸು. ಪ್ರಸ್ಥಭೂಮಿಯ ಅಂಚಿನಿಂದ ಮಾಂಜ್ರಾ ಕಣಿವೆಗೆ ಇಳಿದು, ನದಿ ದಾಟಿ, ಆಮೇಲೆ ಔರಾದಿನ ಎರೆಹೊಲಗಳಲ್ಲಿ ಸಾಗಬೇಕು. ರಸ್ತೆಯಂತೆ ರೈಲು ಗಕ್ಕನೆ ಏರಿಳಿಯಲಾರದು. ಎತ್ತರವನ್ನು ನಿಧಾನವಾಗಿ ಕಳೆಯಲು ಗುಡ್ಡ ಕಡಿಯಬೇಕು, ತಗ್ಗು ತುಂಬಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ಹಳಿಯನ್ನು ನೇರವಾಗಿ ಕೂರಿಸುವಂತಿಲ್ಲ. ಬೇರೆ ಕಡೆಯಿಂದ ಮುರುಮು ತಂದು ದಪ್ಪ ಪದರ ಹಾಸಬೇಕು. ನಾಂದೇಡ್ ಮಾರ್ಗದ ಖರ್ಚಿನ ದೊಡ್ಡ ಭಾಗ ಹಳಿಯ ಉಕ್ಕಿನದ್ದಲ್ಲ, ಹೀಗೆ ಮಣ್ಣು ಕಡಿದು ತುಂಬುವುದರದ್ದು ಮತ್ತು ಸೇತುವೆಗಳದ್ದು.

370 ಕೋಟಿ 1,542 ಆದ ಬಗೆ

ಬೀದರ್–ಕಲಬುರಗಿ ಮಾರ್ಗ 110 ಕಿ.ಮೀ. ಉದ್ದದ್ದು. 1990ರ ದಶಕದ ಕೊನೆಯಲ್ಲಿ ಮಂಜೂರಾದಾಗ ಅಂದಾಜು ಸುಮಾರು 370 ಕೋಟಿ ರೂಪಾಯಿ. ಪ್ರಧಾನಿ ನರೇಂದ್ರ ಮೋದಿ ಅದನ್ನು ಬೀದರಿನಲ್ಲಿ ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ವೆಚ್ಚ ಸುಮಾರು 1,542 ಕೋಟಿ ಆಗಿತ್ತು. ನಾಲ್ಕು ಪಟ್ಟಿಗಿಂತ ಹೆಚ್ಚು. ಇಪ್ಪತ್ತು ವರ್ಷ.

ಈ ಅಂಕಿ ಕೇಳಿದ ಕೂಡಲೇ ಜನ ‘ದುಡ್ಡು ತಿಂದರು’ ಎನ್ನುತ್ತಾರೆ. ಒಮ್ಮೆ ಲೆಕ್ಕ ಹಾಕಿ ನೋಡಿ. 370 ಕೋಟಿ ಇಪ್ಪತ್ತು ವರ್ಷದಲ್ಲಿ 1,542 ಕೋಟಿ ಆಗಬೇಕಾದರೆ ವರ್ಷಕ್ಕೆ ಶೇ 7.4ರಂತೆ ಬೆಳೆಯಬೇಕು. ಆ ಎರಡು ದಶಕಗಳಲ್ಲಿ ಸಿಮೆಂಟ್, ಕಬ್ಬಿಣ, ಡೀಸೆಲ್, ಕೂಲಿ ಏರಿದ ವೇಗಕ್ಕೆ ಅದು ಬಹಳ ದೂರವಿಲ್ಲ. ಹೀಗಾಗಿ ಏರಿಕೆಯ ಬಹುಪಾಲು ತಡದ ಬೆಲೆ. ಐದು ವರ್ಷದಲ್ಲಿ ಮುಗಿದಿದ್ದರೆ ಇದೇ ಹಳಿ, ಇದೇ ಸೇತುವೆ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ಸಿಗುತ್ತಿದ್ದವು. ಕಳ್ಳತನಕ್ಕೆ ತನಿಖೆಯಾದರೂ ನಡೆಯುತ್ತದೆ. ತಡಕ್ಕೆ ಯಾರೂ ಹೊಣೆಯಾಗುವುದಿಲ್ಲ, ಅದೇ ಹೆಚ್ಚು ಕೋಪ ತರಿಸುವ ಸಂಗತಿ.

ತಡ ಆದದ್ದೇಕೆ? ಪ್ರತಿ ವರ್ಷ ಬಜೆಟ್ಟಿನ ಜೊತೆ ರೈಲ್ವೆ ಒಂದು ಪುಸ್ತಕ ಹೊರತರುತ್ತದೆ, ಪಿಂಕ್ ಬುಕ್ ಎಂದು ಅದರ ಹೆಸರು. ಯಾವ ಯೋಜನೆಗೆ ಆ ವರ್ಷ ಎಷ್ಟು ಹಣ ಎಂದು ಅದರಲ್ಲಿ ಇರುತ್ತದೆ. ದೇಶದ ನೂರಾರು ಯೋಜನೆಗಳಿಗೆ ಚೂರುಚೂರು ಹಂಚುವುದು ಹಳೆಯ ರೂಢಿ. ಕೆಲವಕ್ಕೆ ಹೆಸರು ಉಳಿಯಲೆಂದು ಬರೀ 1,000 ರೂಪಾಯಿ ಬರೆದು ಬಿಡುವುದೂ ಉಂಟು. ಹಣ ಬಂದಷ್ಟು ಗುತ್ತಿಗೆ, ಗುತ್ತಿಗೆ ಮುಗಿದಷ್ಟು ಕೆಲಸ, ಮತ್ತೆ ಮುಂದಿನ ಬಜೆಟ್ಟಿಗೆ ಕಾಯುವುದು. ಬೀದರ್–ಕಲಬುರಗಿ ಬಹುಕಾಲ ಈ ಸರದಿಯಲ್ಲೇ ನಿಂತಿತ್ತು. ಜೊತೆಗೆ ಕಮಲಾಪುರದ ಬಳಿ ಮರಗುತ್ತಿಯ ಗುಡ್ಡ ಕೊರೆದು ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗ ತೆಗೆಯಬೇಕಾಯಿತು. ಕೆಲಸಕ್ಕೆ ವೇಗ ಬಂದದ್ದು ರಾಜ್ಯ ಸರ್ಕಾರ ಅರ್ಧ ವೆಚ್ಚ ಹೊರಲು ಒಪ್ಪಿದ ಮೇಲೆ. ಕಲಬುರಗಿಯವರೇ ಆದ ಮಲ್ಲಿಕಾರ್ಜುನ ಖರ್ಗೆ 2013–14ರಲ್ಲಿ ರೈಲ್ವೆ ಸಚಿವರಾಗಿದ್ದರು. ಉದ್ಘಾಟನೆಯ ಹೊತ್ತಿಗೆ ಇದು ಯಾರ ಸಾಧನೆ ಎಂದು ಪಕ್ಷಗಳ ನಡುವೆ ವಾದ ನಡೆಯಿತು. ಇಪ್ಪತ್ತು ವರ್ಷ ಯಾರ ಲೋಪ ಎಂಬ ವಾದ ನಡೆಯಲಿಲ್ಲ.

ಯಾರ ಕಿಸೆಯಿಂದ

ರೈಲ್ವೆ ಕೇಂದ್ರದ್ದು, ಹಣವೂ ಕೇಂದ್ರದ್ದೇ ಎಂದು ಬಹಳ ಜನ ತಿಳಿದಿದ್ದಾರೆ. ಕರ್ನಾಟಕದ ಹಲವು ಹೊಸ ಮಾರ್ಗಗಳಲ್ಲಿ ಹಾಗಿಲ್ಲ. ನಿರ್ಮಾಣದ ಅರ್ಧ ಖರ್ಚು ರಾಜ್ಯ ಕೊಡುತ್ತದೆ, ಎಷ್ಟೋ ಕಡೆ ಜಮೀನನ್ನೂ ತಾನೇ ಕೊಂಡು ಒಪ್ಪಿಸುತ್ತದೆ. ಹಳಿಯ ಒಡೆತನ, ಟಿಕೆಟ್ಟಿನ ಹಣ, ವೇಳಾಪಟ್ಟಿಯ ತೀರ್ಮಾನ ಮಾತ್ರ ರೈಲ್ವೆಯದ್ದು.

ರೈಲ್ವೆಯ ಕಡೆಯ ವಾದವನ್ನೂ ಕೇಳಬೇಕು. ಹೊಸ ಮಾರ್ಗ ಹಾಕುವ ಮುನ್ನ ಅದು ಹೂಡಿಕೆಯ ಮೇಲೆ ಎಷ್ಟು ಪ್ರತಿಫಲ ಬರುತ್ತದೆ ಎಂದು ನೋಡುತ್ತದೆ. ಬಹುಕಾಲ ಶೇ 14 ಅದರ ಅಳತೆಗೋಲಾಗಿತ್ತು. ಹಿಂದುಳಿದ ಭಾಗದ ಮಾರ್ಗ ಆ ಅಳತೆ ಮುಟ್ಟುವುದು ಅಪರೂಪ. ಪ್ರಯಾಣಿಕರ ಟಿಕೆಟ್ಟಿನಿಂದ ಸೇವೆಯ ಖರ್ಚು ಪೂರ್ತಿ ಹುಟ್ಟುವುದಿಲ್ಲ. ನೂರು ರೂಪಾಯಿ ಖರ್ಚಿಗೆ ಬರುವುದು ಸರಾಸರಿ ಐವತ್ತೈದರ ಆಸುಪಾಸು. ಕೊರತೆಯನ್ನು ಕಲ್ಲಿದ್ದಲು, ಸಿಮೆಂಟ್ ಹೊರುವ ಸರಕು ರೈಲುಗಳು ತುಂಬುತ್ತವೆ. ಔರಾದಿನಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಆದ್ದರಿಂದಲೇ ರಾಜ್ಯವೂ ಪಾಲು ಕೊಡಲಿ ಎಂಬ ಷರತ್ತು ಬರುತ್ತದೆ.

ಈ ವಾದ ಒಂದು ಮಟ್ಟಿಗೆ ಸರಿ. ಆದರೆ ಅದೇ 2017ರ ಸೆಪ್ಟೆಂಬರಿನಲ್ಲಿ ಶಿಲಾನ್ಯಾಸವಾದ ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಆಗಿನ ಅಂದಾಜು 508 ಕಿ.ಮೀ.ಗೆ 1.08 ಲಕ್ಷ ಕೋಟಿ. ಅಲ್ಲಿನ ಒಂದು ಕಿ.ಮೀ. ಹಣದಲ್ಲಿ ಬೀದರ್–ಕಲಬುರಗಿಯಂಥ ಹಳಿ 15 ಕಿ.ಮೀ. ಹಾಕಬಹುದು. ಅದಕ್ಕೆ ಜಪಾನಿನ ಅಗ್ಗದ ಸಾಲವಿದೆ, ಉದ್ದೇಶವೂ ಬೇರೆ, ಒಪ್ಪೋಣ. ಆದರೂ ದೇಶಕ್ಕೆ ಹಣವಿಲ್ಲ ಎಂಬ ಕಾರಣವನ್ನು ಔರಾದಿನವರ ಮುಂದೆ ಇಡುವಂತಿಲ್ಲ.

2022ರ ಅಂದಾಜು ನಿಲ್ಲುವುದಿಲ್ಲ

ನಾಂದೇಡ್–ದೇಗಲೂರು–ಬೀದರ್ ಮಾರ್ಗಕ್ಕೆ ಅರ್ಧ ವೆಚ್ಚ ಕೊಡಲು ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಒಪ್ಪಿತು. ಸುಮಾರು 750 ಕೋಟಿ ರೂಪಾಯಿ. ಆಗಿನ ಒಟ್ಟು ಅಂದಾಜು 1,500 ಕೋಟಿಯ ಸುತ್ತ.

ಈಗ ಎರಡು ಭಾಗಾಕಾರ. ಬೀದರ್–ಕಲಬುರಗಿಯಲ್ಲಿ ಕಿ.ಮೀ.ಗೆ ಬಿದ್ದ ಖರ್ಚು ಸುಮಾರು 14 ಕೋಟಿ, ಅದೂ 2017ಕ್ಕೆ ಮುಗಿದ ಲೆಕ್ಕ. ನಾಂದೇಡ್ ಮಾರ್ಗದ 2022ರ ಅಂದಾಜಿನಲ್ಲಿ ಕಿ.ಮೀ.ಗೆ ಒಂಬತ್ತೂವರೆ ಕೋಟಿ. ಕಲಬುರಗಿ ಮಾರ್ಗದಲ್ಲಿ ಸುರಂಗವಿತ್ತು ಎಂಬುದನ್ನು ಕಳೆದರೂ, ಹಳೆಯ ಮಾರ್ಗಕ್ಕಿಂತ ಹೊಸದು ಅಗ್ಗವಾಗುವುದು ಹೇಗೆ? 14 ಕೋಟಿಯ ದರ ಹಿಡಿದರೇ 157 ಕಿ.ಮೀ.ಗೆ 2,200 ಕೋಟಿ ಬೇಕು. ವಿದ್ಯುದೀಕರಣ, ಇಂದಿನ ಜಮೀನಿನ ಬೆಲೆ ಸೇರಿದರೆ ಅದಕ್ಕಿಂತ ಹೆಚ್ಚು.

ಅಂದಾಜನ್ನು ಕಡಿಮೆ ತೋರಿಸಿದರೆ ಮಂಜೂರಾತಿ ಸುಲಭ. ಅರ್ಧ ದಾರಿಯಲ್ಲಿ ಹಣ ಮುಗಿದಾಗ ಪರಿಷ್ಕೃತ ಅಂದಾಜು, ಅದಕ್ಕೆ ಮತ್ತೆ ಎರಡು ರಾಜ್ಯಗಳ ಒಪ್ಪಿಗೆ, ಮತ್ತೆ ಎರಡು ಮೂರು ವರ್ಷ. ಕಲಬುರಗಿ ಮಾರ್ಗದಲ್ಲಿ ಒಂದು ರಾಜ್ಯವನ್ನು ಕಾಯಬೇಕಿತ್ತು, ಇಲ್ಲಿ ಎರಡು. ಬೆಂಗಳೂರು ಒಪ್ಪಿದಾಗ ಮುಂಬೈಯಲ್ಲಿ ಚುನಾವಣೆ, ಮುಂಬೈ ಹಣ ಇಟ್ಟಾಗ ಇಲ್ಲಿ ಬಜೆಟ್ ಮುಗಿದಿದೆ ಎಂಬಂತಾದರೆ ಹಳಿ ಗಡಿಯಲ್ಲೇ ನಿಲ್ಲುತ್ತದೆ.

ಮೂರು ಎಕರೆಯ ನಡುವೆ

ಕೋಟಿಗಳ ಮಾತು ಬಿಟ್ಟು ಹೊಲಕ್ಕೆ ಬರೋಣ. ಒಂದು ಜೋಡಿ ಹಳಿಗೆ ಕಂಡಷ್ಟೇ ಜಾಗ ಸಾಲದು. ಏರಿಯ ಬುಡ, ಪಕ್ಕದ ಚರಂಡಿ ಸೇರಿ ಸರಾಸರಿ 40 ಮೀಟರ್ ಅಗಲ ಎಂದಿಟ್ಟುಕೊಂಡರೆ ಕರ್ನಾಟಕದ 56 ಕಿ.ಮೀ.ಗೆ ಸುಮಾರು 550 ಎಕರೆ ಬೇಕಾಗುತ್ತದೆ. ಜಿಲ್ಲೆಯ ಲೆಕ್ಕದಲ್ಲಿ ಅದು ಸಣ್ಣದು. ಕಳೆದುಕೊಳ್ಳುವವನ ಲೆಕ್ಕವೇ ಬೇರೆ.

ಚೌಕಾಕಾರದ ಮೂರು ಎಕರೆ ಹೊಲ ತೆಗೆದುಕೊಳ್ಳಿ. ಒಂದು ಬದಿ ಸುಮಾರು 110 ಮೀಟರ್. ಅದರ ನಟ್ಟನಡುವೆ ಹಳಿ ಹಾದರೆ ಹೋಗುವುದು ಒಂದು ಎಕರೆ ಮೂರು ಗುಂಟೆಯಷ್ಟು. ಉಳಿದದ್ದು ಎರಡು ಪಟ್ಟಿ, ಪ್ರತಿಯೊಂದೂ ಒಂದು ಎಕರೆಗಿಂತ ಕಡಿಮೆ. ಬಾವಿ ಈ ಕಡೆ, ಅರ್ಧ ಹೊಲ ಆ ಕಡೆ. ಮಧ್ಯದಲ್ಲಿ ಆಳೆತ್ತರದ ಏರಿ. ಪೈಪು ದಾಟಿಸಲು ರೈಲ್ವೆಯ ಅನುಮತಿ ಬೇಕು. ಟ್ರ್ಯಾಕ್ಟರು, ಎತ್ತು ಆ ಕಡೆಗೆ ಹೋಗಬೇಕೆಂದರೆ ಕೆಳಸೇತುವೆ ಇರುವಲ್ಲಿಗೆ ಸುತ್ತಿ ಹೋಗಬೇಕು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಆರಂಭಕ್ಕೇ ಪೂರ್ತಿ ತೆಗೆದುಹಾಕಲಾಗಿದೆ. ಜೀವ ಉಳಿಸುವ ಒಳ್ಳೆಯ ಕ್ರಮ ಅದು. ಆದರೆ ಗೇಟಿನ ಬದಲು ಕಟ್ಟುವ ಕೆಳಸೇತುವೆಗಳು ಎರೆಭೂಮಿಯಲ್ಲಿ ಮಳೆ ಬಿದ್ದ ಕೂಡಲೇ ಕೆರೆಯಾಗುತ್ತವೆ. ಶಾಲೆಗೆ ಹೋಗುವ ಮಕ್ಕಳು, ಕಬ್ಬಿನ ಗಾಡಿ ಎಲ್ಲವೂ ನೀರು ಇಳಿಯುವವರೆಗೆ ಕಾಯಬೇಕು. ನೀರು ಹೊರಹೋಗುವ ದಾರಿಯನ್ನು ನಕ್ಷೆಯ ಹಂತದಲ್ಲೇ ಮಾಡದಿದ್ದರೆ ಆಮೇಲೆ ಪಂಪು ಇಟ್ಟು ಎತ್ತಿದರೂ ಪ್ರಯೋಜನವಿಲ್ಲ. ಮಾಂಜ್ರಾ ಉಕ್ಕಿದ ವರ್ಷಗಳಲ್ಲಿ ಹೊಲದ ನೀರು ಹಳ್ಳ ಸೇರಲು ಏರಿಯೇ ಅಡ್ಡವಾಗದಂತೆ ಸಾಕಷ್ಟು ಮೋರಿಗಳೂ ಬೇಕು. ಈ ಭಾಗದ ಬಯಲುಗಳಲ್ಲಿ ಓಡಾಡುವ ಕೃಷ್ಣಮೃಗಗಳಿಗೂ ದಾಟಲು ದಾರಿ ಬೇಕು, ಅದನ್ನು ಕೇಳುವವರು ಕಡಿಮೆ.

ಪರಿಹಾರದ ಸೂತ್ರ ಕಾಗದದ ಮೇಲೆ ಉದಾರವಾಗಿಯೇ ಇದೆ. 2013ರ ಭೂಸ್ವಾಧೀನ ಕಾಯ್ದೆಯಂತೆ ಗ್ರಾಮೀಣ ಜಮೀನಿಗೆ ಮಾರುಕಟ್ಟೆ ಬೆಲೆಯ ಗರಿಷ್ಠ ಎರಡು ಪಟ್ಟು, ಅದರ ಮೇಲೆ ಅಷ್ಟೇ ಮೊತ್ತ ಮತ್ತೆ. ಒಟ್ಟು ನಾಲ್ಕು ಪಟ್ಟಿನವರೆಗೆ. ಆದರೆ ಯಾವುದರ ನಾಲ್ಕು ಪಟ್ಟು? ಉಪನೋಂದಣಿ ಕಚೇರಿಯಲ್ಲಿ ದಾಖಲಾದ ಮಾರಾಟ ಪತ್ರಗಳ ಬೆಲೆಯದ್ದು. ಮುದ್ರಾಂಕ ಶುಲ್ಕ ಉಳಿಸಲು ನಿಜವಾದ ಬೆಲೆಗಿಂತ ಕಡಿಮೆ ಬರೆಸುವ ರೂಢಿ ನಮ್ಮಲ್ಲಿ ಹಳೆಯದು. ಅಜ್ಜ, ಅಪ್ಪ ಉಳಿಸಿದ ಆ ಹಣ ಮಗನ ಪರಿಹಾರದಲ್ಲಿ ಕಡಿತವಾಗುತ್ತದೆ. ಗಡಿಯ ಆಚೆ ದೇಗಲೂರು ಕಡೆಯ ದಾಖಲೆ ಬೆಲೆ ಬೇರೆ ಇದ್ದರೆ, ಒಂದೇ ಬದುವಿನ ಎರಡು ಬದಿಯ ರೈತರಿಗೆ ಬೇರೆ ಬೇರೆ ಪರಿಹಾರ ಸಿಗಬಹುದು. ಅಲ್ಲಿಂದಲೇ ಕೋರ್ಟು ಕಚೇರಿ ಶುರು.

ಇನ್ನೊಂದು ಸಂಗತಿ ಬಹಳ ರೈತರಿಗೆ ಗೊತ್ತಿಲ್ಲ. ಜಮೀನನ್ನು ಯಾವ ಕಾಯ್ದೆಯಡಿ ಪಡೆಯುತ್ತಾರೆ ಎಂಬುದರ ಮೇಲೆ ರೈತನ ಹಕ್ಕು ನಿಂತಿದೆ. ರೈಲ್ವೆ ಕಾಯ್ದೆಯಡಿ ಪಡೆದರೆ ಪರಿಹಾರದ ಸೂತ್ರ 2013ರ ಕಾಯ್ದೆಯದ್ದೇ ಆದರೂ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವಲ್ಲ. ಅಧಿಸೂಚನೆ ಪ್ರಕಟವಾದ 30 ದಿನಗಳೊಳಗೆ ಆಕ್ಷೇಪ ಸಲ್ಲಿಸಬೇಕು. ಆ 30 ದಿನ ಕಳೆದರೆ ಮಾರ್ಗದ ಬಗ್ಗೆ ಮಾತಾಡಲು ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ಹೊಲ ಎರಡು ತುಂಡಾಗಿ ಉಳಿದ ಭಾಗದ ಬೆಲೆ ಕುಸಿದರೆ ಆ ನಷ್ಟವನ್ನೂ ಕೇಳಬಹುದು, ಎರಡೂ ಕಾಯ್ದೆಗಳಲ್ಲಿ ಅದಕ್ಕೆ ಅವಕಾಶವಿದೆ. ಕೇಳಿದವರಿಗಷ್ಟೇ ಸಿಗುತ್ತದೆ.

ಹಳಿ ಬಿದ್ದ ಮೇಲೆ

ಮಾರ್ಗ ಮುಗಿದರೆ ಕತೆ ಮುಗಿಯಿತು ಎಂದುಕೊಳ್ಳುವುದು ನಮ್ಮ ದೊಡ್ಡ ತಪ್ಪು. ಬೀದರ್–ಕಲಬುರಗಿ ಮಾರ್ಗ ಡೆಮು ರೈಲಿನಿಂದ ಶುರುವಾಯಿತು. 1,542 ಕೋಟಿಯ ಹಳಿಗೆ ಹೋಲಿಸಿದರೆ ಓಡುವ ರೈಲು ಕಡಿಮೆ, ವೇಳೆ ಅನುಕೂಲವಿಲ್ಲ ಎಂಬ ದೂರು ಅಂದಿನಿಂದಲೂ ಜಿಲ್ಲೆಯಲ್ಲಿದೆ. ಇದರ ಹಿಂದೆ ಆಡಳಿತದ ಒಂದು ತೊಡಕು ಇದೆ. ಬೀದರ್ ಇರುವುದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ, ಕಲಬುರಗಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಹುಬ್ಬಳ್ಳಿಯ ನೈರುತ್ಯ ರೈಲ್ವೆಗೂ ಎರಡಕ್ಕೂ ಸಂಬಂಧವಿಲ್ಲ. ಕರ್ನಾಟಕದ ಎರಡು ಊರುಗಳ ನಡುವಿನ ರೈಲಿನ ವೇಳೆ ತೀರ್ಮಾನವಾಗುವುದು ಸಿಕಂದರಾಬಾದ್ ಮತ್ತು ಮುಂಬೈಯ ಕಚೇರಿಗಳಲ್ಲಿ. ಈ ತೊಡಕು ಬಿಡಿಸಲೆಂದು 2014ರಲ್ಲಿ ಘೋಷಿಸಿದ ಕಲಬುರಗಿ ರೈಲ್ವೆ ವಿಭಾಗ ಕಾರ್ಯರೂಪಕ್ಕೆ ಬಂದಿಲ್ಲ. ನಾಂದೇಡ್ ಮಾರ್ಗಕ್ಕೆ ಇಲ್ಲೊಂದು ಅನುಕೂಲವಿದೆ: ಬೀದರ್, ನಾಂದೇಡ್ ಎರಡೂ ದಕ್ಷಿಣ ಮಧ್ಯ ರೈಲ್ವೆಯಲ್ಲಿವೆ.

ಪ್ರಯಾಣಿಕರ ಲೆಕ್ಕವೂ ಬದಲಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಬಸ್ಸು ಉಚಿತ. ಔರಾದಿನಿಂದ ಬೀದರಿಗೆ ಹೋಗುವ ಮಹಿಳೆ ಟಿಕೆಟ್ ಕೊಟ್ಟು ರೈಲು ಹತ್ತುವಳೇ? ಬಸ್ಸಿಗಿಂತ ಬೇಗ ಮುಟ್ಟಿಸಿದರೆ, ಕಾಲೇಜು, ಕಚೇರಿಯ ವೇಳೆಗೆ ಸರಿಹೊಂದಿದರೆ ಹತ್ತಬಹುದು. ದೇಗಲೂರು, ನಾಂದೇಡ್ ಮಾತು ಬೇರೆ, ಅಲ್ಲಿಗೆ ಉಚಿತ ಪ್ರಯಾಣವಿಲ್ಲ. ಹಳೆಯ ಸಮೀಕ್ಷೆಯ ಪ್ರಯಾಣಿಕರ ಅಂದಾಜನ್ನು ಈಗ ಹೊಸದಾಗಿ ಮಾಡಲೇಬೇಕು.

ಇನ್ನು ರೈತನ ಸರಕು. ರೈಲು ಬಂದರೆ ತೊಗರಿ ನೇರವಾಗಿ ದೊಡ್ಡ ಪೇಟೆಗೆ ಹೋಗುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಒಂದು ಪೂರ್ಣ ಸರಕು ರೈಲು ಎಂದರೆ 40ಕ್ಕೂ ಹೆಚ್ಚು ವ್ಯಾಗನ್, ಎರಡೂವರೆ ಸಾವಿರ ಟನ್, ಅಂದರೆ 25 ಸಾವಿರ ಕ್ವಿಂಟಲ್. ಹತ್ತಿಪ್ಪತ್ತು ಕ್ವಿಂಟಲ್ ಬೆಳೆಯುವ ಚಿಂತಾಕಿಯ ರೈತ ಅದನ್ನು ತುಂಬಲಾರ. ತುಂಬಬಲ್ಲವರು ದೊಡ್ಡ ವ್ಯಾಪಾರಿಗಳು. ರೈತನಿಗೂ ಲಾಭ ತಲುಪಬೇಕಾದರೆ ಔರಾದಿನಲ್ಲಿ ಸರಕು ಪ್ರಾಂಗಣ, ಪಕ್ಕದಲ್ಲೇ ಗೋದಾಮು, ರೈತ ಉತ್ಪಾದಕ ಸಂಘಗಳು ಒಟ್ಟುಗೂಡಿಸಿ ಕಳಿಸುವ ಏರ್ಪಾಡು ಬೇಕು. ಭಾಲ್ಕಿಗೆ, ಕಮಲನಗರಕ್ಕೆ ತೊಂಬತ್ತು ವರ್ಷದಿಂದ ನಿಲ್ದಾಣವಿದೆ. ಅಲ್ಲಿನ ಹುಡುಗರೂ ಕೆಲಸಕ್ಕೆ ಹೈದರಾಬಾದ್, ಪುಣೆಗೇ ಹೋಗುತ್ತಾರೆ. ನಿಲ್ದಾಣ ತಾನಾಗಿ ಉದ್ಯೋಗ ತರುವುದಿಲ್ಲ.

ಕೆನ್ಯಾದಲ್ಲೂ ಇದೇ ಮಾತು

ನಮ್ಮ ಕಲಬುರಗಿ ಮಾರ್ಗ ಉದ್ಘಾಟನೆಯಾದ 2017ರಲ್ಲೇ ಆಫ್ರಿಕದ ಕೆನ್ಯಾ ಮೊಂಬಾಸಾ–ನೈರೋಬಿ ನಡುವೆ ಹೊಸ ಮಾರ್ಗದಲ್ಲಿ ರೈಲು ಓಡಿಸಿತು. ಸುಮಾರು ಮೂರೂವರೆ ವರ್ಷದೊಳಗೆ ಕೆಲಸ ಮುಗಿಯಿತು, ತಡದ ಸಮಸ್ಯೆ ಅಲ್ಲಿ ಇರಲಿಲ್ಲ. ಹಣ ಹೆಚ್ಚಿನಂಶ ಚೀನಾದ ಸಾಲ. ಆ ಸಾಲ ತೀರಿಸಲು ಬಂದರಿನ ಕಂಟೇನರುಗಳನ್ನು ರೈಲಿನಲ್ಲೇ ಕಳಿಸಬೇಕೆಂಬ ಒತ್ತಾಯ ಬಂತು. ಹೆದ್ದಾರಿಯ ಲಾರಿ ಚಾಲಕರು, ಢಾಬಾ, ಗ್ಯಾರೇಜು ನಂಬಿದ ಊರುಗಳು ಬೀದಿಗಿಳಿದವು. ಗುತ್ತಿಗೆ ಕೊಟ್ಟ ಕ್ರಮವೇ ಕಾನೂನುಬಾಹಿರ ಎಂದು 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅಷ್ಟರಲ್ಲಿ ರೈಲು ಮೂರು ವರ್ಷ ಓಡಿಯಾಗಿತ್ತು.

ನಮಗೂ ಅವರಿಗೂ ಹೋಲಿಕೆ ಪೂರ್ತಿ ಸರಿಹೊಂದದು. ಆದರೂ ಒಂದು ವಿಷಯ ಸ್ಪಷ್ಟ. ಬೇಗ ಕಟ್ಟುವುದಷ್ಟೇ ಸಾಲದು, ಲೆಕ್ಕವನ್ನು ಕಟ್ಟುವ ಮೊದಲೇ ಜನರ ಮುಂದೆ ತೆರೆದಿಡಬೇಕು.

ಬೇಕು, ಆದರೆ ಹೀಗೆ

ಔರಾದ್ ಮಾರ್ಗ ಬೇಕೇ ಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಲಾಭ ಬರುವಲ್ಲಿ ಮಾತ್ರ ಹಳಿ ಹಾಕುವುದಾದರೆ ಹಿಂದುಳಿದ ತಾಲ್ಲೂಕು ಎಂದಿಗೂ ಹಿಂದೆಯೇ ಉಳಿಯುತ್ತದೆ. ಈ ಭಾಗಕ್ಕೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಕೂಡ ಇದನ್ನು ಎಲ್ಲರಂತೆ ಅಳೆಯಬಾರದು ಎಂಬ ಒಪ್ಪಿಗೆಯ ಮೇಲೆಯೇ. ಆದರೆ ಹಣ ವರ್ಷವರ್ಷ ತೊಟ್ಟಿಕ್ಕುವ ರೀತಿಯಲ್ಲಿ ಇನ್ನೊಂದು ಇಪ್ಪತ್ತು ವರ್ಷ ಆಗಬಾರದು. ನಿಜವಾದ ಅಂದಾಜನ್ನು ಈಗಲೇ ಹೇಳಲಿ. ಕೇಂದ್ರ, ಕರ್ನಾಟಕ, ಮಹಾರಾಷ್ಟ್ರ ಮೂವರೂ ಯಾವ ವರ್ಷ ಎಷ್ಟು ಕೊಡುತ್ತೇವೆ ಎಂದು ಒಂದೇ ಕಾಗದದ ಮೇಲೆ ಸಹಿ ಹಾಕಲಿ. ಜಮೀನಿನ ಹಣ ಜೆಸಿಬಿ ಹೊಲಕ್ಕೆ ಇಳಿಯುವ ಮೊದಲು ರೈತನ ಖಾತೆಗೆ ಬರಲಿ. ಬೀದರಿನ ಕಡೆಯಿಂದ ಔರಾದಿನವರೆಗಿನ ತುಂಡನ್ನು ಮೊದಲು ಮುಗಿಸಿ ರೈಲು ಓಡಿಸಲಿ, ಆಗ ಗಡಿಯಾಚೆಯ ತಡಕ್ಕೆ ಇಲ್ಲಿನವರು ಬಲಿಯಾಗುವುದಿಲ್ಲ. ಎಷ್ಟು ರೈಲು, ಯಾವ ಹೊತ್ತಿಗೆ ಎಂಬುದೂ ಒಪ್ಪಂದದಲ್ಲಿ ಇರಲಿ. ಅರ್ಧ ಹಣ ಕೊಡುವ ರಾಜ್ಯಕ್ಕೆ ಅಷ್ಟು ಕೇಳುವ ಅಧಿಕಾರವಿದೆ.

ಊರಿನವರು ಮಾಡಬೇಕಾದ ಕೆಲಸವೂ ಇದೆ. ಮಾರ್ಗದ ನಕ್ಷೆಯನ್ನು ಸರ್ವೆ ನಂಬರಿನ ಸಮೇತ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಬೇಕೆಂದು ಈಗಲೇ ಅರ್ಜಿ ಕೊಡಿ. ಕೆಳಸೇತುವೆ ಎಲ್ಲಿ ಬೇಕು, ಮೋರಿ ಎಲ್ಲಿ ಬೇಕು ಎಂಬುದು ಎಂಜಿನಿಯರಿಗಿಂತ ಆ ಹೊಲದಲ್ಲಿ ಮಳೆಗಾಲ ಕಂಡವರಿಗೆ ಗೊತ್ತು. ಗ್ರಾಮಸಭೆಯಲ್ಲಿ ಅದನ್ನು ಠರಾವು ಮಾಡಿ ಕಳಿಸಿ. ಎಲ್ಲಕ್ಕಿಂತ ಮೊದಲು ನಿಮ್ಮ ಪಹಣಿ ತೆಗೆದು ನೋಡಿ. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುವ ಜಮೀನುಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಜಮೀನಿನ ಪರಿಹಾರ ವಾರಸುದಾರರ ತಂಟೆ ಮುಗಿಯುವವರೆಗೆ ಕೈಗೆ ಬರುವುದಿಲ್ಲ. ಅಧಿಸೂಚನೆ ಹೊರಟ ಮೇಲೆ ಓಡಾಡಿದರೆ 30 ದಿನ ಸಾಲದು. ಪೌತಿ ಖಾತೆ ಆಗದವರು ನಿಮ್ಮ ಹೋಬಳಿಯ ನಾಡಕಚೇರಿಗೆ ಹೋಗಿ ಈ ತಿಂಗಳಲ್ಲೇ ಅರ್ಜಿ ಹಾಕಿ.